ಟೆಕ್ಸಾಸಿನ ದೂರವೈದ್ಯ ಕಾನೂನು: ಮನೆಯಲ್ಲಿದ್ದ ರೋಗಿಗೆ ಸಿಕ್ಕ ಮಾನ್ಯತೆ

ಅಮೆರಿಕದಲ್ಲಿ ವೈದ್ಯವೃತ್ತಿಗೆ ಪರವಾನಗಿ ನೀಡುವ ಅಧಿಕಾರ ಆಯಾ ರಾಜ್ಯಕ್ಕೆ ಸೇರಿದ್ದು, 1889ರಲ್ಲಿ ‘ಡೆಂಟ್ ವಿರುದ್ಧ ವೆಸ್ಟ್ ವರ್ಜೀನಿಯಾ’ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಈ ಅಧಿಕಾರವನ್ನು ಎತ್ತಿಹಿಡಿಯಿತು. 1968ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯರು ಲೋಗನ್ ವಿಮಾನ ನಿಲ್ದಾಣದ ಚಿಕಿತ್ಸಾಲಯದಲ್ಲಿದ್ದ ರೋಗಿಗಳನ್ನು ಟೆಲಿವಿಷನ್ ಸಂಪರ್ಕದ ಮೂಲಕ ನೋಡತೊಡಗಿದಾಗ, ಎರಡೂ ಜಾಗಗಳು ಒಂದೇ ಊರಿನಲ್ಲಿದ್ದವು, ರೋಗಿಯ ಪಕ್ಕದಲ್ಲಿ ನರ್ಸ್ ಕೂಡ ಇರುತ್ತಿದ್ದರು. ಹಾಗಾಗಿ ಕಾನೂನಿನ ನಿಜವಾದ ಪರೀಕ್ಷೆ ಎದುರಾದದ್ದು ರೋಗಿ ತನ್ನ ಮನೆಯಿಂದಲೇ ಅಪರಿಚಿತ ವೈದ್ಯರಿಗೆ ಫೋನ್ ಮಾಡುವ ಕಾಲ ಬಂದಾಗ.

ದೂರವೈದ್ಯಕ್ಕೂ ರಾಜ್ಯದ ನಿಯಮಗಳಿಗೂ ನಡುವಿನ ಈ ತಿಕ್ಕಾಟ ಟೆಕ್ಸಾಸಿನಲ್ಲಿ ಬಹಳ ತೀವ್ರವಾಯಿತು. 254 ಕೌಂಟಿಗಳ, ಅಂದರೆ ಜಿಲ್ಲೆಯಂಥ ಆಡಳಿತ ವಿಭಾಗಗಳ, ಆ ವಿಶಾಲ ರಾಜ್ಯದ ಹಲವು ಕಡೆ ಒಬ್ಬ ವೈದ್ಯರೂ ಇರಲಿಲ್ಲ. ಆದರೂ ಹೊಸ ರೋಗಿಗೆ ದೂರದಿಂದ ಔಷಧ ಬರೆಯಬೇಕಾದರೆ ಆತ ‘ಸ್ಥಾಪಿತ ವೈದ್ಯಕೀಯ ಸ್ಥಳ’ದಲ್ಲಿ, ಎಂದರೆ ತಪಾಸಣೆಯ ಉಪಕರಣಗಳೂ ರೋಗಿಯ ಸ್ಥಿತಿಯನ್ನು ವಿವರಿಸಬಲ್ಲ ಸಿಬ್ಬಂದಿಯೂ ಇರುವ ಜಾಗದಲ್ಲಿ, ಕುಳಿತಿರಬೇಕೆಂದು ರಾಜ್ಯದ ವೈದ್ಯಕೀಯ ಮಂಡಳಿ ಹೇಳುತ್ತಿತ್ತು, ಸ್ವಂತ ಮನೆ ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. 2015ರ ಏಪ್ರಿಲ್‌ನಲ್ಲಿ ಮಂಡಳಿ ಮುಖಾಮುಖಿ ತಪಾಸಣೆಯ ನಿಯಮವನ್ನು ಇನ್ನಷ್ಟು ಬಿಗಿ ಮಾಡಿದಾಗ, ಡಲ್ಲಾಸಿನಲ್ಲಿ ಹುಟ್ಟಿದ ಟೆಲಡಾಕ್ ಕಂಪನಿ ಸ್ಪರ್ಧೆಯನ್ನು ಕಾಪಾಡುವ ಕಾನೂನಿನಡಿ ಫೆಡರಲ್ ನ್ಯಾಯಾಲಯದ ಮೊರೆಹೋಯಿತು. ಮಂಡಳಿಯ ಬಹುಪಾಲು ಸದಸ್ಯರು ಸ್ವತಃ ವೈದ್ಯರಾಗಿದ್ದುದರಿಂದ ತಮ್ಮದೇ ವೃತ್ತಿಯ ಪೈಪೋಟಿಗೆ ತಾವೇ ತಡೆ ಹಾಕುತ್ತಿದ್ದಾರೆಂಬ ಆಕ್ಷೇಪ ತೂಕದ್ದಾಗಿತ್ತು, ಮೇ ತಿಂಗಳಲ್ಲಿ ನ್ಯಾಯಾಧೀಶ ರಾಬರ್ಟ್ ಪಿಟ್‌ಮನ್ ಆ ನಿಯಮಕ್ಕೆ ತಡೆಯಾಜ್ಞೆ ಕೊಟ್ಟರು.

ಎರಡು ವರ್ಷಗಳ ಬಳಿಕ, 2017ರ ಮೇ ತಿಂಗಳಲ್ಲಿ, ಗವರ್ನರ್ ಗ್ರೆಗ್ ಅಬಾಟ್ ಸೆನೆಟ್ ಮಸೂದೆ 1107ಕ್ಕೆ ಸಹಿ ಹಾಕಿದರು. ವಿಡಿಯೊ ಮೂಲಕ, ಇಲ್ಲವೇ ರೋಗಿಯ ಚಿತ್ರ ಅಥವಾ ದಾಖಲೆಗಳನ್ನು ಪರಿಶೀಲಿಸಿ ಫೋನಿನ ಮೂಲಕ, ವೈದ್ಯ–ರೋಗಿ ಸಂಬಂಧ ಆರಂಭವಾಗಬಹುದೆಂದು ಅದು ಒಪ್ಪಿತು. ಆದರೆ ಎದುರಿಗೆ ಕುಳಿತು ನೀಡುವ ಚಿಕಿತ್ಸೆಗೆ ಯಾವ ಗುಣಮಟ್ಟವೋ ಇದಕ್ಕೂ ಅದೇ ಎಂದು ಕಟ್ಟುಪಾಡು ಹಾಕಿತು. ರೋಗಿಯ ಸುರಕ್ಷತೆಯ ಬಗ್ಗೆ ಮಂಡಳಿಗಿದ್ದ ಕಳಕಳಿಗೆ ಸರಿಯಾದ ಉತ್ತರ ಈ ಕಟ್ಟುಪಾಡಿನಲ್ಲಿತ್ತು, ಮನೆಯನ್ನು ಹೊರಗಿಟ್ಟ ಹಳೆಯ ನಿಯಮದಲ್ಲಿ ಇರಲಿಲ್ಲ.

ರಾಜ್ಯದ ಗಡಿಯ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. ಚಿಕಿತ್ಸೆ ರೋಗಿ ಇರುವ ಜಾಗದಲ್ಲಿ ನಡೆಯುತ್ತದೆಂದು ಅಮೆರಿಕದ ಕಾನೂನು ಪರಿಗಣಿಸುವುದರಿಂದ ಬೇರೆ ರಾಜ್ಯದಲ್ಲಿರುವ ವೈದ್ಯರಿಗೆ ಸಾಮಾನ್ಯವಾಗಿ ರೋಗಿಯಿರುವ ರಾಜ್ಯದ ಪರವಾನಗಿಯೂ ಬೇಕು. ಇದಕ್ಕೆ ಭಿನ್ನವಾಗಿ, ಭಾರತದಲ್ಲಿ 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ನೋಂದಾಯಿತ ವೈದ್ಯರು ದೇಶದ ಯಾವ ಭಾಗದ ರೋಗಿಗಾದರೂ ಸಲಹೆ ನೀಡಬಹುದು.