ಕರಿಗೂದಲಿಗೆ ಹೊಂಬಣ್ಣ

ಕೇಶರಂಜನವೆಂದೊಡನೆ ನಮ್ಮ ಪೂರ್ವಿಕರಿಗೆ ನರೆತ ಕೂದಲನ್ನು ಕಪ್ಪು ಮಾಡುವುದೇ ನೆನಪಾಗುತ್ತಿದ್ದಿತು. ಆರನೆಯ ಶತಮಾನದ ಜ್ಯೋತಿಷಿ ವರಾಹಮಿಹಿರನು ಬೃಹತ್ಸಂಹಿತೆಯ ಗಂಧಯುಕ್ತಿ ಪ್ರಕರಣವನ್ನು ಈ ವಿಷಯದಿಂದಲೇ ಆರಂಭಿಸಿ, ಕಬ್ಬಿಣದ ಪಾತ್ರೆಯಲ್ಲಿ ಹುಳಿರಸ, ಹಾರಕದ ಅಕ್ಕಿ, ಲೋಹಚೂರ್ಣಗಳನ್ನು ಬೇಯಿಸಿ ತಲೆಗೆ ಲೇಪಿಸುವ ಕ್ರಮವನ್ನು ಹೇಳಿರುವನು. (ಗ್ರಹಗತಿಯನ್ನು ಬಲ್ಲವರಿಗೂ ನರೆಯ ಚಿಂತೆ ತಪ್ಪಲಿಲ್ಲವೆಂದು ತೋರುತ್ತದೆ!) ಕರಿಗೂದಲಿಗೆ ಉಜ್ವಲವರ್ಣವನ್ನು ತರುವ ಹಂಬಲವನ್ನು ನೋಡಬೇಕಾದರೆ ಪಡುವಣ ದೇಶಗಳಿಗೆ ಹೋಗಬೇಕು.

ಇಟಲಿಯ ವೆನಿಸ್ ನಗರದ ಸ್ತ್ರೀಯರು ಇದಕ್ಕಾಗಿ ಪಟ್ಟ ಪಾಡನ್ನು ಚೆಸಾರೆ ವೆಚೆಲ್ಲಿಯೋ ಎಂಬುವನು 1590ರಲ್ಲಿ ಅಚ್ಚಾದ ತನ್ನ ಉಡುಪುಗಳ ಗ್ರಂಥದಲ್ಲಿ ವರ್ಣಿಸಿರುವನು. ಮನೆಯ ಮಾಡಿನ ಮೇಲೊಂದು ಮರದ ಅಟ್ಟ, ಸುಡುಬಿಸಿಲು, ತಲೆಗೆ ನೆತ್ತಿಯಿಲ್ಲದ ಹುಲ್ಲಿನ ಟೋಪಿ. ಕೂದಲನ್ನು ಅದರ ತೂತಿನಿಂದ ಹೊರಕ್ಕೆಳೆದು ಅಂಚಿನ ಮೇಲೆ ಹರಡಿ, ಕೋಲಿನ ತುದಿಗೆ ಕಟ್ಟಿದ ಸ್ಪಂಜಿನಿಂದ ಕೇಶಜಲವನ್ನು ಹಚ್ಚುವುದು, ಒಣಗಿಸುವುದು, ಮತ್ತೆ ಹಚ್ಚುವುದು. ಮುಖವು ಕಂದಬಾರದು, ಕೂದಲು ಹೊನ್ನಾಗಬೇಕು!

ಇಷ್ಟು ಶ್ರಮವೇಕೆ? ಕರಿಯ ಕಂಬಳಿಗೆ ಅರಿಸಿನದ ನೀರು ಹೊಯ್ದರೆ ಹಳದಿಯಾಗುವುದುಂಟೆ? ನಮ್ಮ ಮದರಂಗಿಯೂ ನರೆಗೂದಲನ್ನು ಕೆಂಪಾಗಿಸುವುದಲ್ಲದೆ, ಕರಿಗೂದಲಿನಲ್ಲಿ ಬಿಸಿಲಿಗೆ ಮಾತ್ರ ತುಸು ಹೊಳೆಯುವುದು. ಮೆಲನಿನ್ ಎಂಬ ಸಹಜವರ್ಣವು ಅಳಿದ ಹೊರತು ಹೊಸ ಬಣ್ಣವು ಕಾಣದು. ಅದನ್ನು ಅಳಿಸುವ ಹೈಡ್ರೋಜನ್ ಪೆರಾಕ್ಸೈಡನ್ನು ಫ್ರಾನ್ಸಿನ ತೆನಾರ್ ಪಂಡಿತನು 1818ರಲ್ಲಿ ಕಂಡುಹಿಡಿದನು. 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಅದರ ಕೇಶಪ್ರಯೋಗವನ್ನು ಜನರಿಗೆ ತೋರಿಸಿದರು. ಇಂದು ತರುಣತರುಣಿಯರು ಬಚ್ಚಲುಮನೆಯಲ್ಲಿಯೇ ನೀಲಿ, ಹಸುರು, ನೇರಳೆಗಳನ್ನು ಹಚ್ಚಿಕೊಳ್ಳುವುದು ಈ ದಾರಿಯಿಂದಲೇ. ಆ ಬಣ್ಣವು ಕೆಲವು ಸ್ನಾನಗಳಲ್ಲಿ ಮಾಸುವುದು. ಪೆರಾಕ್ಸೈಡು ತಿಂದ ಕೂದಲಿನ ಕಸುವಾದರೋ ಮರಳಿ ಬಾರದು. ಬುಡದಿಂದ ಹೊಸ ಕೂದಲು ಬೆಳೆಯುವವರೆಗೆ ಕಾಯಬೇಕು.