ಅನಧ್ಯಾಯವೂ ಪುನರಾರಂಭವೂ

ಪ್ರಾಚೀನ ಪಾಠಶಾಲೆಗಳಲ್ಲಿ ಪಾಠವನ್ನು ನಡೆಸುವುದಕ್ಕೆ ಹೇಗೋ ಹಾಗೆಯೇ ಪಾಠವನ್ನು ನಿಲ್ಲಿಸುವುದಕ್ಕೂ ಒಂದು ಶಾಸ್ತ್ರವಿದ್ದಿತು. ಅದಕ್ಕೆ ಅನಧ್ಯಾಯವೆಂದು ಹೆಸರು. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಈ ವಿಷಯವು ವಿಸ್ತಾರವಾಗಿ ನಿರೂಪಿತವಾಗಿದೆ. ಅಮಾವಾಸ್ಯೆ, ಪೌರ್ಣಮಿ, ಅಷ್ಟಮಿ, ಚತುರ್ದಶಿಗಳು ಅನಧ್ಯಾಯದ ತಿಥಿಗಳು. ಗುಡುಗು ಮಿಂಚುಗಳೊಡನೆ ಮಳೆ ಸುರಿದರೂ, ಭೂಮಿ ನಡುಗಿದರೂ ಆಕಾಲಿಕ ಅನಧ್ಯಾಯ. ಎಂದರೆ ಮರುದಿನ ಅದೇ ಹೊತ್ತಿನವರೆಗೆ ಪಾಠವಿಲ್ಲ. ಗ್ರಹಣವಾದರೆ ಮೂರು ದಿನ. ಊರೊಳಗೆ ಶವವಿರುವಾಗಲೂ ಅಧ್ಯಯನವು ನಿಷಿದ್ಧ. ಅದನ್ನು ಸಾಗಿಸಿದ ಮೇಲೆ ನಿಷೇಧದ ಕಾರಣವೂ ನೀಗಿತು.

ಈ ನಿಯಮಗಳ ಫಲಾಫಲ ಹೇಗೇ ಇರಲಿ, ಅವುಗಳ ರಚನೆಯು ಗಮನಾರ್ಹವಾದುದು. ಯಾವ ಅನಧ್ಯಾಯವೂ ನಿರವಧಿಕವಲ್ಲ. ಕೆಲವಕ್ಕೆ ಕಾಲವೇ ಗಡಿ. ಕೆಲವಕ್ಕೆ ಕಾರಣವೇ ಗಡಿ. ಅಲ್ಲದೆ, ಅನಧ್ಯಾಯವೆಂದು ಸಕಲವೂ ನಿಲ್ಲತಕ್ಕದ್ದಲ್ಲ. ವೇದಾಂಗಗಳಿಗೂ, ನಿತ್ಯದ ಸ್ವಾಧ್ಯಾಯಕ್ಕೂ ಅದರ ತಡೆಯಿಲ್ಲವೆಂದು ಅದೇ ಗ್ರಂಥದ ಎರಡನೆಯ ಅಧ್ಯಾಯವು ವಿಧಿಸುತ್ತದೆ. ಆ ಪಾಠಶಾಲೆಗಳ ಬಾಗಿಲು ಎಲ್ಲ ಜನರ ಮಕ್ಕಳಿಗೂ ತೆರೆದಿರಲಿಲ್ಲವೆಂಬುದು ನಿಜ. ಎಲ್ಲರ ಮಕ್ಕಳಿಗೂ ತೆರೆದಿರುವ ಶಾಲೆಗಳು ಮಹಾಮಾರಿಯ ಕಾಲದಲ್ಲಿ ಮುಚ್ಚಿದಾಗ ಮೇಲಣ ವಿವೇಕವು ಎಷ್ಟರಮಟ್ಟಿಗೆ ಪಾಲಿಸಲ್ಪಟ್ಟಿತೆಂಬುದು ಇಲ್ಲಿಯ ವಿಚಾರ.

ಈ ಪ್ರಶ್ನೆಯು ಕೋವಿಡ್ ಕಾಲದಲ್ಲಿಯೇ ಮೊದಲು ಹುಟ್ಟಿದುದಲ್ಲ. 1918ರಲ್ಲಿ ಇನ್‌ಫ್ಲುಯೆಂಜಾ ಜ್ವರವು ಭೂಮಂಡಲವನ್ನೆಲ್ಲ ವ್ಯಾಪಿಸಿ, ಭಾರತವೊಂದರಲ್ಲಿಯೇ ಒಂದು ಕೋಟಿಗೂ ಮಿಕ್ಕ ಜನರನ್ನು ಬಲಿ ತೆಗೆದುಕೊಂಡಿತು. ಆಗ ಅಮೆರಿಕದ ದೊಡ್ಡ ಪಟ್ಟಣಗಳಲ್ಲಿ ಬಹುಪಾಲು ತಮ್ಮ ಶಾಲೆಗಳನ್ನು ಮುಚ್ಚಿದುವು. ಸೇಂಟ್ ಲೂಯಿಸ್ ನಗರದ ಆರೋಗ್ಯಾಧಿಕಾರಿ ಮ್ಯಾಕ್ಸ್ ಸ್ಟಾರ್ಕ್‌ಲಾಫ್ ಎಂಬವರು ಅಕ್ಟೋಬರಿನ ಆರಂಭದಲ್ಲಿಯೇ ಶಾಲೆಗಳನ್ನೂ, ನಾಟಕಶಾಲೆಗಳನ್ನೂ, ಜನ ಸೇರುವ ಇತರ ಸ್ಥಳಗಳನ್ನೂ ಮುಚ್ಚಿಸಿದರು. ಬೇಗನೆ ಎಚ್ಚತ್ತುದರಿಂದ ಆ ನಗರಕ್ಕೆ ಬಹಳ ಮಟ್ಟಿಗೆ ಒಳಿತೇ ಆಯಿತು. ಆದರೆ ನವೆಂಬರಿನಲ್ಲಿ ರೋಗವು ತಗ್ಗಿತೆಂದು ಶಾಲೆಗಳನ್ನು ತೆರೆಯಲು, ಕೆಲವೇ ದಿನಗಳಲ್ಲಿ ಅದು ಮತ್ತೆ ತಲೆಯೆತ್ತಿತು; ಅದೇ ತಿಂಗಳ ಕೊನೆಯಲ್ಲಿ ಶಾಲೆಗಳನ್ನು ಪುನಃ ಮುಚ್ಚಬೇಕಾಯಿತು. ಮುಚ್ಚುವುದರಲ್ಲಿ ಜಾಣ್ಮೆ ತೋರಿದವರಿಗೂ ತೆರೆಯುವುದು ಕಠಿಣವಾಯಿತೆಂಬುದಕ್ಕೆ ಇದು ನಿದರ್ಶನ.

ನ್ಯೂಯಾರ್ಕ್ ನಗರವು ಬೇರೆ ದಾರಿಯನ್ನು ಹಿಡಿಯಿತು. ಅಲ್ಲಿಯ ಶಾಲೆಗಳಲ್ಲಿ ಸುಮಾರು 10 ಲಕ್ಷ ಮಕ್ಕಳಿದ್ದರು. ಅವರಲ್ಲಿ ಮುಕ್ಕಾಲು ಪಾಲು ಮಂದಿ ಗಾಳಿ ಬೆಳಕುಗಳಿಗೆ ಬಡತನವಿದ್ದ ಇಕ್ಕಟ್ಟಾದ ಬಾಡಿಗೆಯ ವಠಾರಗಳಲ್ಲಿ ವಾಸಿಸತಕ್ಕವರು. ಇಂತಹ ಮನೆಗಳಿಗಿಂತ ಶುಚಿಯಾದ ಶಾಲೆಯೇ ಮಕ್ಕಳಿಗೆ ಕ್ಷೇಮಕರವೆಂದು ಆರೋಗ್ಯಾಧಿಕಾರಿ ರಾಯಲ್ ಕೋಪ್‌ಲೆಂಡರೂ, ಮಕ್ಕಳ ಆರೋಗ್ಯ ಶಾಖೆಯ ಮುಖ್ಯಸ್ಥೆಯಾಗಿದ್ದ ಡಾಕ್ಟರ್ ಜೋಸೆಫೀನ್ ಬೇಕರರೂ ವಾದಿಸಿದರು. ಮಕ್ಕಳು ಅಂಗಳದಲ್ಲಿ ಗುಂಪುಗೂಡದೆ ನೆಟ್ಟಗೆ ತಮ್ಮ ಕೋಣೆಗೆ ಹೋಗತಕ್ಕದ್ದೆಂದೂ, ಉಪಾಧ್ಯಾಯರು ಪ್ರತಿದಿನವೂ ಒಬ್ಬೊಬ್ಬ ಮಗುವನ್ನೂ ನೋಡಿ, ಜ್ವರದ ಕುರುಹು ಕಂಡರೆ ಪ್ರತ್ಯೇಕವಾಗಿ ಕೂಡಿಸಿ ವೈದ್ಯರಿಗೆ ತಿಳಿಸತಕ್ಕದ್ದೆಂದೂ ಏರ್ಪಾಡಾಯಿತು. ಇದು ಒಂದು ರಾತ್ರಿಯಲ್ಲಿ ಆದ ಏರ್ಪಾಡಲ್ಲ. ಶಾಲೆಗಳಿಗೆ ವೈದ್ಯರನ್ನು ಕಳುಹಿಸುವ ಪದ್ಧತಿಯು ಆ ನಗರದಲ್ಲಿ 1897ರಿಂದಲೂ, ದಾದಿಯರನ್ನು ನೇಮಿಸುವ ಪದ್ಧತಿಯು 1902ರಿಂದಲೂ ನಡೆದುಬಂದಿದ್ದಿತು. ನ್ಯೂಯಾರ್ಕಿಗೆ ಆ ವರ್ಷ ಒದಗಿದ ಸ್ಥಿತಿಗೆ ಶಾಲೆಗಳನ್ನು ತೆರೆದಿಟ್ಟುದೊಂದೇ ಕಾರಣವೆಂದು ಹೇಳುವುದು ಯುಕ್ತವಲ್ಲ. ಆದರೆ ಶಾಲೆಯನ್ನು ತೆರೆಯುವ ಧೈರ್ಯವು ಹಿಂದಿನ ಇಪ್ಪತ್ತು ವರ್ಷಗಳ ಸಿದ್ಧತೆಯಿಂದ ಬಂದುದೆಂಬುದರಲ್ಲಿ ಸಂದೇಹವಿಲ್ಲ.

ಹೀಗೆ ಒಂದು ಶತಮಾನ ಕಳೆಯಿತು. 2020ನೆಯ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ರೋಗವನ್ನು ಮಹಾಮಾರಿಯೆಂದು ಸಾರಿತು. ಭಾರತದಲ್ಲಿ ಆ ರೋಗದಿಂದ ಸಂಭವಿಸಿದ ಮೊದಲನೆಯ ಮರಣವು ಕಲಬುರಗಿಯಲ್ಲಿ ಆದುದು. ಅದೇ ತಿಂಗಳಿನಲ್ಲಿ ಕರ್ನಾಟಕದ ಶಾಲೆಗಳೆಲ್ಲ ಮುಚ್ಚಲ್ಪಟ್ಟುವು. ರೋಗದ ಸ್ವಭಾವವು ಯಾರಿಗೂ ಸರಿಯಾಗಿ ತಿಳಿಯದಿದ್ದ ಆ ಸಮಯದಲ್ಲಿ ಹಾಗೆ ಮಾಡಿದುದು ವಿವೇಕವೇ ಸರಿ. ಆದರೆ ಈ ಅನಧ್ಯಾಯಕ್ಕೆ ಕಾಲದ ಗಡಿಯೂ ಇರಲಿಲ್ಲ, ಕಾರಣದ ಗಡಿಯೂ ಇರಲಿಲ್ಲ. ಎಂತಹ ಸ್ಥಿತಿ ಒದಗಿದರೆ ಬಾಗಿಲು ತೆರೆಯುವುದೆಂಬುದನ್ನು ಆಗ ಯಾರೂ ಬರೆದಿಡಲಿಲ್ಲ.

ಸಿದ್ಧತೆಯಿದ್ದರೆ ಮಕ್ಕಳನ್ನು ಒಂದೆಡೆ ಕೂಡಿಸಬಹುದೆಂಬುದು ನಾಲ್ಕು ತಿಂಗಳೊಳಗಾಗಿಯೇ ಕಂಡುಬಂದಿತು. ಮಾರ್ಚಿಯಲ್ಲಿ ನಡೆಯಬೇಕಾಗಿದ್ದ ಎಸ್.ಎಸ್.ಎಲ್.ಸಿ. ಪರೀಕ್ಷೆಯು ಜೂನ್ 25ರಂದು ಆರಂಭವಾಯಿತು. ಅದಕ್ಕೆ ಹೆಸರು ಕೊಟ್ಟವರು 8 ಲಕ್ಷಕ್ಕೂ ಮಿಕ್ಕವರು. ಬಾಗಿಲಿನಲ್ಲಿ ಮೈಶಾಖವನ್ನು ಅಳೆಯುವುದು, ಮುಖಗವಸು, ಕೈತೊಳೆಯುವ ದ್ರವ, ಅಂತರವಿಟ್ಟ ಆಸನಗಳು, ಅಸ್ವಸ್ಥರಾದವರಿಗೆ ಬೇರೆ ಕೋಣೆ, ಇವೆಲ್ಲವೂ ಏರ್ಪಟ್ಟುವು. ಅನೇಕರು ಆತಂಕಪಟ್ಟರು, ಆದರೂ ಪರೀಕ್ಷೆಯು ಜುಲೈ ಮೊದಲಲ್ಲಿ ಸಾಂಗವಾಗಿ ಮುಗಿಯಿತು.

ಪಾಠದ ವಿಷಯದಲ್ಲಿಯಾದರೋ ಕಷ್ಟವು ಹೆಚ್ಚಿನದಾಗಿದ್ದಿತು. ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಬಂದುವು. ಮೊಬೈಲ್ ಫೋನಿನಲ್ಲಿಯೂ ಬಂದುವು. ಆದರೆ ಫೋನು ಇಲ್ಲದ ಮನೆಗಳು ಎಷ್ಟೋ. ತಂದೆಯೊಡನೆ ಫೋನೂ ಕೂಲಿಗೆ ಹೋಗತಕ್ಕ ಮನೆಗಳು ಎಷ್ಟೋ. ಇದನ್ನು ಮನಗಂಡು 2020ರ ಆಗಸ್ಟಿನಲ್ಲಿ ಸರ್ಕಾರವು ವಿದ್ಯಾಗಮವೆಂಬ ಯೋಜನೆಯನ್ನು ಆರಂಭಿಸಿತು. ಮಗುವು ಶಾಲೆಗೆ ಬರಲಾರದಿದ್ದರೆ ಗುರುವೇ ಮಗುವಿದ್ದಲ್ಲಿಗೆ ಹೋಗಬೇಕೆಂಬುದು ಇದರ ತಾತ್ಪರ್ಯ. ಫೋನು ಇಲ್ಲದವರು, ಸಾಮಾನ್ಯ ಫೋನುಳ್ಳವರು, ಅಂತರ್ಜಾಲದ ಸೌಕರ್ಯವುಳ್ಳವರು ಎಂದು ಮಕ್ಕಳನ್ನು ಮೂರು ಬಗೆಯಾಗಿ ವಿಂಗಡಿಸಿ, ಉಪಾಧ್ಯಾಯರು ಕೇರಿಕೇರಿಗೆ ಹೋದರು. ಅರಳಿಕಟ್ಟೆ, ದೇವಸ್ಥಾನದ ಪೌಳಿ, ಸಮುದಾಯ ಭವನ, ಮನೆಯ ಜಗಲಿ ಇವುಗಳೇ ಶಾಲೆಗಳಾದುವು. ಅನಧ್ಯಾಯದಲ್ಲಿಯೂ ಕೆಲವು ಪಾಠಗಳು ನಿಲ್ಲಬೇಕಾದುದಿಲ್ಲವೆಂಬ ಹಳೆಯ ವಿಧಿಯು ಹೀಗೆ ಹೊಸ ರೂಪದಲ್ಲಿ ನೆರವೇರಿತೆನ್ನಬಹುದು.

ಬಯಲಿನಲ್ಲಿ ಪಾಠ ಮಾಡುವುದಕ್ಕೆ ಆರೋಗ್ಯಶಾಸ್ತ್ರದ ಆಧಾರವೂ ಉಂಟು. ಕ್ಷಯರೋಗದ ಭಯವಿದ್ದ ಕಾಲದಲ್ಲಿ, 1904ರಲ್ಲಿ, ಬರ್ಲಿನ್ ಪಕ್ಕದ ಶಾರ್ಲಾಟೆನ್‌ಬುರ್ಗಿನಲ್ಲಿ ದುರ್ಬಲರಾದ ಮಕ್ಕಳಿಗಾಗಿ ಕಾಡಿನ ಮರಗಳ ನಡುವೆ ಒಂದು ಬಯಲು ಶಾಲೆಯನ್ನು ತೆರೆದಿದ್ದರು. ಕೋವಿಡ್ ರೋಗವೂ ಗಾಳಿಯಾಡದ ಕೋಣೆಗಳಲ್ಲಿ ಉಸಿರಿನ ಮೂಲಕ ಹೆಚ್ಚಾಗಿ ಹರಡತಕ್ಕುದೆಂದು ಕ್ರಮೇಣ ಸ್ಪಷ್ಟವಾಯಿತು. ಆದಾಗ್ಯೂ ವಿದ್ಯಾಗಮವು ಬಹುಕಾಲ ನಿಲ್ಲಲಿಲ್ಲ. ಉಪಾಧ್ಯಾಯರಿಗೂ ಮಕ್ಕಳಿಗೂ ರೋಗ ತಗಲಿದ ವರದಿಗಳು ಬರಲು, ಅಕ್ಟೋಬರಿನಲ್ಲಿ ಅದನ್ನು ತಡೆಹಿಡಿಯಲಾಯಿತು. ಊರೂರು ಸುತ್ತುವ ಗುರುವಿನ ಕ್ಷೇಮಕ್ಕೆ ಬೇಕಾದ ರಕ್ಷಣೆಯು ಆಗ ಇರಲಿಲ್ಲ. ಲಸಿಕೆಯಂತೂ ಇನ್ನೂ ಬಂದಿರಲೇ ಇಲ್ಲ.

2021ರ ಜನವರಿ 1ರಂದು ಹತ್ತನೆಯ ತರಗತಿಗೂ ದ್ವಿತೀಯ ಪಿ.ಯು.ಸಿ.ಗೂ ಶಾಲೆ ಕಾಲೇಜುಗಳು ತೆರೆದುವು. ಪೋಷಕರ ಒಪ್ಪಿಗೆಯ ಪತ್ರವಿದ್ದವರಿಗೆ ಮಾತ್ರ ಪ್ರವೇಶ, ಬರಲೇಬೇಕೆಂಬ ಬಲವಂತವಿರಲಿಲ್ಲ. ಆರರಿಂದ ಒಂಬತ್ತನೆಯ ತರಗತಿಯವರಿಗೆ ಶಾಲೆಯ ಆವರಣದಲ್ಲಿಯೇ ವಿದ್ಯಾಗಮವು ಮರಳಿ ನಡೆಯಿತು. ಫೆಬ್ರವರಿಯಲ್ಲಿ ಅವರಿಗೂ ಕೋಣೆಗಳ ಪಾಠ ಮೊದಲಾಯಿತು. ಅಷ್ಟರಲ್ಲಿ ರೋಗದ ಎರಡನೆಯ ಅಲೆ. ಏಪ್ರಿಲಿನಲ್ಲಿ ಬಾಗಿಲುಗಳು ಮತ್ತೆ ಮುಚ್ಚಿದುವು. ಸೇಂಟ್ ಲೂಯಿಸಿನ ಕಥೆಯು ನೂರಮೂರು ವರ್ಷಗಳ ಮೇಲೆ ಇಲ್ಲಿ ಪುನರಾವೃತ್ತವಾದಂತಾಯಿತು.

ಮೂರನೆಯ ಅಲೆಯೊಂದು ಬರುವುದೆಂದೂ, ಅದು ಮಕ್ಕಳನ್ನೇ ಹೆಚ್ಚಾಗಿ ಬಾಧಿಸುವುದೆಂದೂ ಆಗ ಜನರಲ್ಲಿ ಭೀತಿ ಹಬ್ಬಿದ್ದಿತು. ಇದನ್ನು ವಿಚಾರಿಸುವುದಕ್ಕಾಗಿ ಡಾಕ್ಟರ್ ದೇವಿ ಶೆಟ್ಟರ ಅಧ್ಯಕ್ಷತೆಯಲ್ಲಿ ರಾಜ್ಯ ಸರ್ಕಾರವು ಸಮಿತಿಯೊಂದನ್ನು ನೇಮಿಸಿತು. 2021ರ ಜೂನಿನಲ್ಲಿ ಕೊಟ್ಟ ಮಧ್ಯಂತರ ವರದಿಯಲ್ಲಿ ಈ ಸಮಿತಿಯೇ ಶಾಲೆಗಳನ್ನು ಹಂತಹಂತವಾಗಿ ತೆರೆಯಬೇಕೆಂದು ಹೇಳಿತು. ಶಾಲೆಯಿಲ್ಲದ ಮಗುವಿಗೆ ಒದಗುವ ಅಪೌಷ್ಟಿಕತೆ, ದುಡಿಮೆ, ಬಾಲ್ಯವಿವಾಹ ಮೊದಲಾದ ಕೇಡುಗಳೂ ರೋಗದಷ್ಟೇ ಚಿಂತಿಸತಕ್ಕವುಗಳೆಂಬ ಅರಿವು ಆ ವೇಳೆಗೆ ಮೂಡಿದ್ದಿತು. ಶಾಲೆಯ ಬಿಸಿಯೂಟವು ನಿಂತು, ಅದಕ್ಕೆ ಬದಲಾಗಿ ಅಕ್ಕಿ ಬೇಳೆಗಳನ್ನು ಹಂಚಿದರೂ, ಮಗುವಿನ ಎಲೆಗೆ ಬೀಳುವ ಅನ್ನವೇ ಬೇರೆ, ಮನೆಯ ಡಬ್ಬಕ್ಕೆ ಸೇರುವ ಅಕ್ಕಿಯೇ ಬೇರೆಯಷ್ಟೆ.

ಕೊನೆಗೆ 2021ರ ಆಗಸ್ಟ್ 23ರಂದು ಒಂಬತ್ತನೆಯ ತರಗತಿಯಿಂದ ಮೇಲಣವರಿಗೆ ಶಾಲೆಗಳು ತೆರೆದುವು. ಈ ಸಲದ ಆಜ್ಞೆಯಲ್ಲಿ ಒಂದು ವಿಶೇಷವಿದ್ದಿತು. ಪರೀಕ್ಷಿಸಿದ ನೂರು ಮಂದಿಯಲ್ಲಿ ರೋಗವಿದ್ದವರು ಇಬ್ಬರಿಗಿಂತ ಕಡಿಮೆಯಿರುವ ಕಡೆಗಳಲ್ಲಿ ಮಾತ್ರ ತೆರೆಯತಕ್ಕದ್ದೆಂಬ ನಿಬಂಧನೆಯೇ ಅದು. ಅನಧ್ಯಾಯಕ್ಕೆ ಕಾರಣದ ಗಡಿಯು ಹೀಗೆ ಪ್ರಾಪ್ತವಾಯಿತು. ಸೆಪ್ಟೆಂಬರ್ 6ರಂದು ಆರರಿಂದ ಎಂಟನೆಯ ತರಗತಿಗಳೂ, ಅಕ್ಟೋಬರ್ 25ರಂದು ಒಂದರಿಂದ ಐದನೆಯ ತರಗತಿಗಳೂ ಆರಂಭವಾದುವು.

ಈ ಕ್ರಮದಲ್ಲಿಯೇ ಒಂದು ದೊಡ್ಡ ಪ್ರಶ್ನೆ ಅಡಗಿದೆ. ದೊಡ್ಡವರು ಮೊದಲು, ಚಿಕ್ಕವರು ಕಡೆಗೆ. ದೊಡ್ಡ ಮಕ್ಕಳಿಗೆ ಸಾರ್ವಜನಿಕ ಪರೀಕ್ಷೆಯಿದೆ, ಅವರು ಮುಖಗವಸನ್ನು ಸರಿಯಾಗಿ ಧರಿಸಬಲ್ಲರು, ಅಂತರವನ್ನು ಕಾಯಬಲ್ಲರು; ಇವು ಈ ಕ್ರಮಕ್ಕೆ ಹೇಳಿದ ಕಾರಣಗಳು. ಅವನ್ನು ನಿಸ್ಸಾರವೆನ್ನಲಾಗದು. ಆದರೆ ಡೆನ್ಮಾರ್ಕ್ ದೇಶವು ಇದಕ್ಕೆ ವಿಪರೀತವಾಗಿ ನಡೆಯಿತು. ಅಲ್ಲಿ ಶಾಲೆಗಳು ಮುಚ್ಚಿದ ಒಂದು ತಿಂಗಳೊಳಗೆ, 2020ರ ಏಪ್ರಿಲ್ 15ರಂದು, ಶಿಶುವಿಹಾರದಿಂದ ಐದನೆಯ ತರಗತಿಯವರೆಗಿನ ಮಕ್ಕಳನ್ನೇ ಮೊದಲು ಕರೆದರು. ಚಿಕ್ಕ ಗುಂಪುಗಳು, ದೂರದೂರವಿಟ್ಟ ಮೇಜುಗಳು, ಪದೇಪದೇ ಕೈತೊಳೆತ, ಸಾಧ್ಯವಾದಷ್ಟು ಹೊರಗಿನ ಗಾಳಿ, ಇವೇ ಅವರ ಸಾಧನಗಳು. ಚಿಕ್ಕ ಮಕ್ಕಳನ್ನು ಈ ರೋಗವು ಕಡಿಮೆ ಬಾಧಿಸುತ್ತದೆ, ಆದುದರಿಂದ ತೆರೆಯುವುದಾದರೆ ಪ್ರಾಥಮಿಕ ಶಾಲೆಗಳನ್ನೇ ಮೊದಲು ತೆರೆಯುವುದು ವಿಹಿತವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಖ್ಯಸ್ಥರೂ 2021ರ ಜುಲೈಯಲ್ಲಿ ಹೇಳಿದರು. ಆದರೆ ಇಲ್ಲಿ ಅದು ನಡೆಯಲಿಲ್ಲ.

ಅದರ ಪರಿಣಾಮವನ್ನು ಒಂದು ಮಗುವಿನ ಲೆಕ್ಕದಲ್ಲಿ ನೋಡಬೇಕು. 2020ರ ಮಾರ್ಚಿಯಲ್ಲಿ ಒಂದನೆಯ ತರಗತಿಯಲ್ಲಿದ್ದು, ಕಾಗುಣಿತವನ್ನು ಆಗತಾನೆ ತಿದ್ದುತ್ತಿದ್ದ ಬಾಲಕಿಯು, ಹತ್ತೊಂಬತ್ತು ತಿಂಗಳು ಕಳೆದು ಶಾಲೆಯ ಕೋಣೆಗೆ ಮರಳಿದಾಗ ಹಾಜರಿ ಪುಸ್ತಕದಲ್ಲಿ ಮೂರನೆಯ ತರಗತಿಯವಳು. ಒತ್ತಕ್ಷರಗಳನ್ನು ಅವಳಿಗೆ ಕಲಿಸಿದವರು ಯಾರು? ಓದು ಬರಹ ಬಲ್ಲ ಮನೆಯಲ್ಲಿ ತಾಯಿಯೋ ಅಜ್ಜನೋ ಕಲಿಸಿದರು. ಬಲ್ಲವರಿಲ್ಲದ ಮನೆಯಲ್ಲಿ ಕಲಿತುದೂ ಮರೆತುಹೋಯಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಪರೀಕ್ಷಿಸಿದರು. ಎರಡರಿಂದ ಆರನೆಯ ತರಗತಿಯ ಮಕ್ಕಳಲ್ಲಿ ನೂರಕ್ಕೆ 92 ಮಂದಿ ಹಿಂದಿನ ವರ್ಷ ತಮಗೆ ಬರುತ್ತಿದ್ದ ಭಾಷಾಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡಿದ್ದರು. ಗಣಿತದಲ್ಲಿ ನೂರಕ್ಕೆ 82 ಮಂದಿ. ಇದು ಶಾಲೆಗಳು ಮುಚ್ಚಿದ ಹತ್ತು ತಿಂಗಳ ಲೆಕ್ಕ. ಪ್ರಾಥಮಿಕ ಶಾಲೆಯ ಮಕ್ಕಳು ಅದರ ಮೇಲೆ ಇನ್ನೂ ಒಂಬತ್ತು ತಿಂಗಳು ಕಾದರು.

ಲಸಿಕೆಯು ಬರುವವರೆಗೆ ಮಕ್ಕಳನ್ನು ಶಾಲೆಗೆ ಕಳುಹಿಸಕೂಡದೆಂದು ಹಲವರು ಹೇಳುತ್ತಿದ್ದರು. ಆದರೆ ಭಾರತದಲ್ಲಿ 15 ವರ್ಷ ಮೀರಿದ ಮಕ್ಕಳಿಗೆ ಲಸಿಕೆಯು ದೊರೆತುದು 2022ರ ಜನವರಿ 3ರಿಂದ. 12 ವರ್ಷದವರಿಗೆ ಮಾರ್ಚ್ 16ರಿಂದ. ಅದಕ್ಕೆ ಮೊದಲೇ ಶಾಲೆಗಳು ತೆರೆದಿದ್ದುವು. ಚಿಕ್ಕ ಮಕ್ಕಳನ್ನು ಕಾದುದು ಉಪಾಧ್ಯಾಯರೂ ಹೆತ್ತವರೂ ಹಾಕಿಸಿಕೊಂಡ ಲಸಿಕೆ, ತೆರೆದ ಕಿಟಕಿ, ಅಸ್ವಸ್ಥವಾದ ಮಗುವನ್ನು ಮನೆಯಲ್ಲಿಯೇ ಇರಿಸಿಕೊಳ್ಳುವ ಎಚ್ಚರ. 2022ರ ಜನವರಿಯಲ್ಲಿ ಓಮಿಕ್ರಾನ್ ಎಂಬ ಹೊಸ ರೂಪದಲ್ಲಿ ರೋಗವು ಮರಳಿದಾಗ ಬೆಂಗಳೂರಿನ ಶಾಲೆಗಳಲ್ಲಿ ಮೇಲಣ ತರಗತಿಗಳ ಹೊರತು ಉಳಿದವು ಮತ್ತೆ ಮುಚ್ಚಿದುವು. ಆದರೆ ಆ ತಿಂಗಳ 31ರಂದೇ ಅವು ತೆರೆದುವು. ಹತ್ತೊಂಬತ್ತು ತಿಂಗಳಾಗಿದ್ದುದು ಒಂದು ತಿಂಗಳಿಗೂ ಕಡಿಮೆಯಾಯಿತು. ಅನುಭವವು ಅಷ್ಟು ಕಲಿಸಿದ್ದಿತು.

ಬಾಗಿಲು ತೆರೆದ ಮಾತ್ರಕ್ಕೆ ಪುನರಾರಂಭವು ಪೂರ್ಣವಾಗದೆಂಬುದೂ ಅನುಭವದಿಂದಲೇ ತಿಳಿಯಿತು. ಕಳೆದುಹೋದ ಪಾಠವನ್ನು ಬಿಟ್ಟು ಮುಂದಿನ ಪಾಠವನ್ನು ಹೇಳುವುದು ತಳಪಾಯವಿಲ್ಲದೆ ಗೋಡೆ ಎಬ್ಬಿಸಿದಂತೆ. ಆದುದರಿಂದ 2022ರಲ್ಲಿ ಶಾಲೆಗಳನ್ನು ವಾಡಿಕೆಗಿಂತ ಹದಿನೈದು ದಿನ ಮುಂಚಿತವಾಗಿ, ಮೇ 16ರಂದೇ ಆರಂಭಿಸಿ, ಕಲಿಕಾ ಚೇತರಿಕೆಯೆಂಬ ಹೆಸರಿನಲ್ಲಿ ಹಿಂದಿನದನ್ನು ಮೊದಲಿನಿಂದ ಕಲಿಸಲು ತೊಡಗಿದರು. ರೋಗಿಯು ಚೇತರಿಸಿಕೊಳ್ಳುವಂತೆ ವಿದ್ಯೆಯೂ ಚೇತರಿಸಿಕೊಳ್ಳಬೇಕಾಗಿದ್ದುದರಿಂದ ಈ ಹೆಸರು ಅನ್ವರ್ಥವಾದುದು.

ಮಹಾಮಾರಿಗಳು ಇನ್ನು ಬಾರವೆಂದು ನಂಬುವುದಕ್ಕೆ ಚರಿತ್ರೆಯಲ್ಲಿ ಆಧಾರವಿಲ್ಲ. ಮುಂದೆ ಎಂದಾದರೂ ಶಾಲೆಯನ್ನು ಮುಚ್ಚುವ ಆಜ್ಞೆಯನ್ನು ಬರೆಯಬೇಕಾದವರು ಅದೇ ಕಾಗದದ ಮೇಲೆ, ಅದೇ ದಿನ, ತೆರೆಯುವ ನಿಬಂಧನೆಯನ್ನೂ ಬರೆಯುವುದು ಲೇಸು: ರೋಗವು ಎಷ್ಟಕ್ಕೆ ಇಳಿದರೆ ತೆರೆಯುವುದು, ಯಾರನ್ನು ಮೊದಲು ಕರೆಯುವುದು, ಅಲ್ಲಿಯವರೆಗೆ ಯಾವ ಪಾಠವನ್ನು ಯಾರು ಎಲ್ಲಿಗೆ ಹೋಗಿ ಹೇಳುವುದು. ಉಳಿದ ಸಿದ್ಧತೆಯನ್ನು ರೋಗವಿಲ್ಲದ ದಿನಗಳಲ್ಲಿಯೇ ಮಾಡಿಕೊಳ್ಳಬೇಕು. ಗಾಳಿಯಾಡುವ ಕೋಣೆ, ಕೈತೊಳೆಯಲು ನೀರು, ಮಕ್ಕಳನ್ನು ಆಗಾಗ್ಗೆ ನೋಡಿ ಹೋಗುವ ವೈದ್ಯರು, ಇವು ಮಹಾಮಾರಿಯಿಲ್ಲದಾಗಲೂ ಮಕ್ಕಳಿಗೆ ಬೇಕಾದುವೇ. ಒಂದನೆಯ ತರಗತಿಯಲ್ಲಿ ಕಾಗುಣಿತ ತಿದ್ದುವ ಮಗುವಿಗೆ ಆ ವರ್ಷವು ಎರಡನೆಯ ಸಲ ಬರುವುದಿಲ್ಲ.