ಡ್ಯಾನ್ಸ್ ಗೇಮ್‌ನಲ್ಲಿ ಹಾಡು ಆರಿಸುವುದು ಹೇಗೆ? ‘ಡಿಡಿಆರ್’ ಚಕ್ರದ ಹಿಂದಿನ ಲೆಕ್ಕ

ಟಿವಿ ಮುಂದೆ ಹಾಸಿದ ಮ್ಯಾಟ್, ಅದರ ಮೇಲೆ ನಾಲ್ಕು ದಿಕ್ಕಿಗೆ ನಾಲ್ಕು ಬಾಣ. ಪರದೆಯಲ್ಲಿ ಕೆಳಗಿನಿಂದ ಏರಿ ಬರುವ ಬಾಣ ಮೇಲಿನ ಗುರುತಿಗೆ ತಾಗುವ ಕ್ಷಣಕ್ಕೆ ಸರಿಯಾಗಿ ಕಾಲಿಡಬೇಕು. ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್’, ಆಟಗಾರರ ಬಾಯಲ್ಲಿ ಡಿಡಿಆರ್, ಇಷ್ಟು ಸರಳ. ಜಪಾನಿನ ಕೊನಾಮಿ ಕಂಪನಿ ಇದನ್ನು 1998ರಲ್ಲಿ ಆರ್ಕೇಡ್‌ಗಳಿಗೆ ತಂದಿತು, 1999ರಲ್ಲಿ ಪ್ಲೇಸ್ಟೇಷನ್ ಮೂಲಕ ಮನೆಗೆ ತಲುಪಿಸಿತು. ಆದರೆ ಮೊದಲ ಬಾರಿ ಆಡುವವರು ಎಡವುವುದು ಮ್ಯಾಟ್ ಮೇಲಲ್ಲ, ಅದಕ್ಕೂ ಮುಂಚಿನ ಪರದೆಯಲ್ಲಿ. ಗೊತ್ತಿರುವ ಹಾಡು ಎಂದು ಆರಿಸುತ್ತಾರೆ, ಅರ್ಧಕ್ಕೇ ಆಟ ಮುಗಿದಿರುತ್ತದೆ.

ಚಕ್ರದಲ್ಲಿ ಏನೇನಿದೆ?

ಹಾಡುಗಳು ಚಕ್ರದಂತೆ ಸುತ್ತುತ್ತವೆ. ಒಂದರ ಮೇಲೆ ನಿಂತರೆ ಅದರ ತುಣುಕು ಕೇಳಿಸುತ್ತದೆ. ಪೂರ್ತಿ ಹಾಡು ಇಲ್ಲಿರುವುದಿಲ್ಲ. ಸಾಮಾನ್ಯವಾಗಿ ಸುಮಾರು ಒಂದೂವರೆ ನಿಮಿಷಕ್ಕೆ ಕತ್ತರಿಸಿದ ಆವೃತ್ತಿ ಇರುತ್ತದೆ. ಯಾವುದನ್ನು ಆರಿಸಬೇಕೋ ತೋಚದವರಿಗೆ ‘ರೂಲೆಟ್’ ಇದೆ, ಅದು ತಾನೇ ಒಂದನ್ನು ಎತ್ತಿ ಕೊಡುತ್ತದೆ.

ಪ್ರತಿ ಹಾಡಿಗೂ ಸುಲಭ, ಮಧ್ಯಮ, ಕಠಿಣ ಎಂದು ಬೇರೆ ಬೇರೆ ಹೆಜ್ಜೆ ಜೋಡಣೆ ಇರುತ್ತದೆ. ಕಷ್ಟದ ಅಳತೆಗೆ ಪಾದದ ಚಿಹ್ನೆಗಳು. ಇಲ್ಲಿ ಒಂದು ಎಚ್ಚರಿಕೆ ಬೇಕು. ಹಳೆಯ ಆವೃತ್ತಿಗಳಲ್ಲಿ ಗರಿಷ್ಠ ಹತ್ತು ಪಾದ. 2008ರ ‘ಡಿಡಿಆರ್ ಎಕ್ಸ್’ನಿಂದ ಅಳತೆ ಇಪ್ಪತ್ತಕ್ಕೆ ಏರಿತು. ಹಾಗಾಗಿ ಪ್ಲೇಸ್ಟೇಷನ್ 2ರ ಹಳೆಯ ಡಿಸ್ಕ್‌ನಲ್ಲಿರುವ ‘10’ ಬೇರೆ, ಹೊಸದರಲ್ಲಿರುವ ‘10’ ಬೇರೆ. ಹಳೆಯ ಅಳತೆಯಲ್ಲಿ ಹತ್ತು ಎಂದರೆ ‘ಮ್ಯಾಕ್ಸ್ 300’ ಜಾತಿಯ ಹಾಡು. 2001ರ ಆ ಹಾಡಿನ ಹೆಸರಿನಲ್ಲೇ ವೇಗವಿದೆ: ನಿಮಿಷಕ್ಕೆ 300 ಬೀಟ್.

ಬೀಟ್‌ಗಳ ಸಂಖ್ಯೆಯನ್ನು, ಅಂದರೆ ಬಿಪಿಎಂ ಅನ್ನು, ಆಟವೇ ತೋರಿಸುತ್ತದೆ. ಹೊಸಬರು ಕಡಿಮೆ ಬಿಪಿಎಂ ಎಂದರೆ ಸುಲಭ ಎಂದುಕೊಳ್ಳುತ್ತಾರೆ. ಅದು ಅರ್ಧ ಸತ್ಯ. ನಿಧಾನದ ಹಾಡಿನಲ್ಲಿ ಬಾಣಗಳು ನಿಧಾನವಾಗಿ ಏರುವುದರಿಂದ ಒಂದಕ್ಕೊಂದು ಅಂಟಿಕೊಂಡು ಗುಂಪಾಗಿ ಕಾಣುತ್ತವೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಕಣ್ಣಿಗೆ ತಿಳಿಯುವುದೇ ಕಷ್ಟ. ಅನುಭವಿಗಳು ಆಯ್ಕೆಗಳಲ್ಲಿ ಬಾಣದ ವೇಗವನ್ನು ಒಂದೂವರೆ ಪಟ್ಟು ಅಥವಾ ಎರಡು ಪಟ್ಟು ಮಾಡಿಕೊಳ್ಳುವುದು ಇದಕ್ಕೇ. ಹಾಡಿನ ವೇಗ ಬದಲಾಗುವುದಿಲ್ಲ, ಬಾಣಗಳ ನಡುವಿನ ಅಂತರ ಮಾತ್ರ ಹಿಗ್ಗುತ್ತದೆ. ಕೇಳಲು ಉಲ್ಟಾ ಅನಿಸಿದರೂ ಆಡಿದರೆ ಗೊತ್ತಾಗುತ್ತದೆ.

ಹೆಚ್ಚು ಹೇಳುವುದು ‘ಗ್ರೂವ್ ರೇಡಾರ್’. ಹಲವು ಆವೃತ್ತಿಗಳಲ್ಲಿರುವ ಈ ಐದು ಮೂಲೆಯ ಚಿತ್ರ ಹಾಡಿನ ಜಾತಕವಿದ್ದಂತೆ. ಸ್ಟ್ರೀಮ್ ಎಂದರೆ ಒಟ್ಟಾರೆ ಹೆಜ್ಜೆಗಳ ದಟ್ಟಣೆ. ವೋಲ್ಟೇಜ್ ಎಂದರೆ ಅತಿ ದಟ್ಟವಾದ ಜಾಗ ಎಷ್ಟು ದಟ್ಟ ಎಂಬುದು. ಫ್ರೀಜ್ ಎಂದರೆ ಕಾಲು ಒತ್ತಿ ಹಿಡಿಯಬೇಕಾದ ಬಾಣಗಳು, ಕೇಯಾಸ್ ಎಂದರೆ ತಾಳ ತಪ್ಪಿಸಿ ಬರುವ ಹೆಜ್ಜೆಗಳು. ಉಳಿದದ್ದು ಏರ್, ಅಂದರೆ ಎರಡು ಬಾಣಗಳನ್ನು ಒಟ್ಟಿಗೆ ತುಳಿಯಲು ಹಾರಬೇಕಾದ ಜಾಗಗಳು. ಮುಂಬೈ, ಪುಣೆಯ ಫ್ಲಾಟ್‌ಗಳಲ್ಲಿ ಇರುವವರು ಮೊದಲು ನೋಡಬೇಕಾದದ್ದು ಈ ಮೂಲೆಯನ್ನೇ. ಏರ್ ಜಾಸ್ತಿ ಇರುವ ಹಾಡನ್ನು ರಾತ್ರಿ ಹತ್ತಕ್ಕೆ ಆರಿಸಿದರೆ ಕೆಳಗಿನ ಮನೆಯವರು ಬಾಗಿಲು ಬಡಿಯುವುದು ಗ್ಯಾರಂಟಿ.

ಈ ಹಾಡುಗಳೇ ಏಕೆ?

ಡಿಡಿಆರ್ ಶುರುವಿನಲ್ಲಿ ಹೆಚ್ಚಾಗಿ ನೆಚ್ಚಿಕೊಂಡದ್ದು ತೋಷಿಬಾ ಇಎಂಐ ಹೊರತಂದ ‘ಡ್ಯಾನ್ಸ್‌ಮೇನಿಯಾ’ ಆಲ್ಬಂ ಸರಣಿಯನ್ನು. ಜೊತೆಗೆ ಕೊನಾಮಿಯ ಸ್ವಂತ ಸಂಗೀತಗಾರರ ಹಾಡುಗಳು. ಅವರಲ್ಲಿ ನಾವೋಕಿ ಮಾಯೆಡಾ ಹೆಸರು ದೊಡ್ಡದು, ‘ಮ್ಯಾಕ್ಸ್ 300’ ಕೂಡ ಅವರದೇ. ಸ್ವಂತ ಹಾಡಾದರೆ ಯಾರ ಅನುಮತಿಯೂ ಬೇಡ. ಹೊರಗಿನ ಹಾಡಿಗೆ ಎರಡು ಹಕ್ಕು ಬೇಕು: ಹಾಡು ಬರೆದವರದ್ದು ಒಂದು, ಧ್ವನಿಮುದ್ರಣದ್ದು ಇನ್ನೊಂದು. ಆರ್ಕೇಡ್‌ಗೆ ಪಡೆದ ಅನುಮತಿ ಮನೆಯ ಡಿಸ್ಕ್‌ಗೂ ಸಲ್ಲಬೇಕೆಂದಿಲ್ಲ, ಜಪಾನಿನದು ಅಮೆರಿಕಕ್ಕೂ ಅಷ್ಟೇ. ಆರ್ಕೇಡ್‌ನಲ್ಲಿ ಕುಣಿದ ಹಾಡು ಮನೆಯ ಡಿಸ್ಕ್‌ನಲ್ಲಿ ಕಾಣದಿರುವುದು ಹೀಗೆ.

ಧ್ವನಿಮುದ್ರಣದ ಹಕ್ಕು ಸಿಗದಿದ್ದರೆ ದಾರಿ ಇದೆ: ಬೇರೆಯವರಿಂದ ಹಾಡಿಸುವುದು. ಯೂಬಿಸಾಫ್ಟ್‌ನ ‘ಜಸ್ಟ್ ಡ್ಯಾನ್ಸ್’ನಲ್ಲಿ ‘ದಿ ಗರ್ಲಿ ಟೀಮ್’ನಂಥ ಹೆಸರು ಕಂಡರೆ ಅದು ಕವರ್ ಎಂದು ತಿಳಿಯಿರಿ. ಇದೇ ಸರಣಿಯ ಎರಡನೇ ಆಟದಲ್ಲಿ ‘ಕಟ್ಟಿ ಕಲಂದಲ್’ ಎಂಬ ಹಾಡಿದೆ. ಹೆಸರಿಗೆ ದಕ್ಷಿಣದ ಛಾಯೆ, ಕಲಾವಿದರ ಜಾಗದಲ್ಲಿ ಮಾತ್ರ ‘ಬಾಲಿವುಡ್’ ಎಂದಿದೆ! ಚೆನ್ನೈನಲ್ಲಿರುವ ಓದುಗರು ನಗಬಹುದು.

ಖರೀದಿಸಿದ ಹಾಡು ನಿಮ್ಮದೇ?

‘ಜಸ್ಟ್ ಡ್ಯಾನ್ಸ್’ 2009ರಲ್ಲಿ ನಿಂಟೆಂಡೊ ವೀ ಕನ್ಸೋಲ್‌ಗೆ ಬಂದಾಗ 32 ಹಾಡುಗಳಿದ್ದವು, ಎಲ್ಲವೂ ಡಿಸ್ಕ್‌ನಲ್ಲಿ. 2015ರಲ್ಲಿ ಚಂದಾ ಕಟ್ಟಿ ಆಡುವ ‘ಜಸ್ಟ್ ಡ್ಯಾನ್ಸ್ ಅನ್‌ಲಿಮಿಟೆಡ್’ ಶುರುವಾಯಿತು. ಪಟ್ಟಿ ನೂರಾರು ಹಾಡುಗಳಿಗೆ ಬೆಳೆಯಿತು, ಆದರೆ ಪರವಾನಗಿ ಮುಗಿದ ಹಾಡು ಪಟ್ಟಿಯಿಂದ ಮಾಯವಾಗುತ್ತದೆ. 2022ರಲ್ಲಿ ಬಂದ ‘2023 ಎಡಿಷನ್’ ಡಬ್ಬಿಯಲ್ಲಿ ಡಿಸ್ಕೇ ಇಲ್ಲ, ಇರುವುದು ಡೌನ್‌ಲೋಡ್ ಕೋಡ್. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಕೇಳಿಯೇ ಹಣ ಕೊಡಬೇಕು, ಬಳಸಿದ ಕೋಡ್ ಕೆಲಸಕ್ಕೆ ಬಾರದು. ಹಳೆಯ ಡಿಸ್ಕ್‌ನಲ್ಲಿ ಆ ಚಿಂತೆಯಿಲ್ಲ. ಆದರೆ ಪ್ಲೇಸ್ಟೇಷನ್ 2 ಮತ್ತು ವೀ ಎರಡಕ್ಕೂ ಪ್ರಾಂತ್ಯದ ಬೀಗವಿದೆ, ಜಪಾನಿನ ಡಿಸ್ಕ್ ಬೇರೆ ಪ್ರಾಂತ್ಯದ ಕನ್ಸೋಲ್‌ನಲ್ಲಿ ಓಡುವುದಿಲ್ಲ.

ಕನ್ನಡ ಹಾಡಿಗೆ ಹೆಜ್ಜೆ ಹಾಕಬೇಕೆಂದರೆ ಕಂಪನಿಗಳನ್ನು ಕಾಯಬೇಕಿಲ್ಲ. ‘ಸ್ಟೆಪ್‌ಮೇನಿಯಾ’ ಎಂಬ ಉಚಿತ, ಮುಕ್ತ ತಂತ್ರಾಂಶ ಕಂಪ್ಯೂಟರ್‌ನಲ್ಲಿ ಡಿಡಿಆರ್ ಮಾದರಿಯಲ್ಲೇ ಓಡುತ್ತದೆ. ನಿಮ್ಮಲ್ಲಿರುವ ಹಾಡಿನ ಫೈಲ್ ಹಾಕಿ, ಬಿಪಿಎಂ ತುಂಬಿ, ಮೊದಲ ಬೀಟ್ ಎಲ್ಲಿ ಬೀಳುತ್ತದೆ ಎಂದು ಹೊಂದಿಸಿ, ಬಾಣಗಳನ್ನು ನೀವೇ ಜೋಡಿಸಬಹುದು. ಕಂಪ್ಯೂಟರ್‌ನಲ್ಲಿ ತಾಳ ಕಟ್ಟಿದ ಈಚಿನ ಸಿನಿಮಾ ಹಾಡುಗಳಿಗೆ ಸಾಮಾನ್ಯವಾಗಿ ಒಂದೇ ಬಿಪಿಎಂ ಸಾಕು. ವಾದ್ಯಗಾರರೆಲ್ಲ ಒಟ್ಟಿಗೆ ಕೂತು ನುಡಿಸಿದ ಹಳೆಯ ಹಾಡುಗಳಲ್ಲಿ ವೇಗ ಕೂದಲೆಳೆಯಷ್ಟು ಏರಿಳಿಯುತ್ತದೆ. ಅಂಥ ಹಾಡಿಗೆ ಒಂದೇ ಬಿಪಿಎಂ ಕೊಟ್ಟರೆ ಪಲ್ಲವಿಯಲ್ಲಿ ಸರಿಯಾಗಿದ್ದ ಬಾಣಗಳು ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಜಾರಿರುತ್ತವೆ, ನಡುನಡುವೆ ಬಿಪಿಎಂ ತಿದ್ದುತ್ತಾ ಹೋಗಬೇಕು.